ಕ್ಲಚ್ ಸುಟ್ಟೀತೆಂಬ ಭಯ



ನಿಮ್ಮ ಮನೆಯ ಅಂಗಳದಲ್ಲಿ ಒಂದು ಕಾರು ನಿಂತಿದೆಯೇ? ಅದರ ಕೀಲಿಕೈ ಎಲ್ಲಿದೆ ಎಂಬುದು ನಿಮಗೆ ಗೊತ್ತು. ಧೂಳು ಒರೆಸುವವರೂ, ಮಕ್ಕಳು ಸೀಟಿನ ಮೇಲೆ ಚೆಲ್ಲಿದ ಮಂಡಕ್ಕಿ ಗುಡಿಸುವವರೂ ನೀವೇ. ಓಡಿಸುವವರು ಮಾತ್ರ ದುಬೈಯಲ್ಲೋ ಬೆಂಗಳೂರಿನಲ್ಲೋ ಇರುತ್ತಾರೆ.

ಹೊಸದುರ್ಗದ ನಮ್ಮ ಮನೆಯಲ್ಲೂ ಹಾಗೆಯೇ ಇತ್ತು. ಕೆಲವು ವರ್ಷಗಳ ಹಿಂದೆ ಒಂದು ರಾತ್ರಿ ಅಮ್ಮಿಗೆ ಉಸಿರು ಕಟ್ಟಿತು. ಭಾಯಿಜಾನ್ ಊರಲ್ಲಿರಲಿಲ್ಲ. ಕಾರು ಇತ್ತು, ಅದರಲ್ಲಿ ಪೆಟ್ರೋಲೂ ಇತ್ತು. ನಾವು ಮೂವರು ಹೆಂಗಸರು ಅದರ ಪಕ್ಕದಲ್ಲೇ ನಿಂತು ಆಟೋಗಾಗಿ ಫೋನ್ ಮಾಡುತ್ತಿದ್ದೆವು. ಆಟೋ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಅಲ್ಲಾಹನ ಕೃಪೆಯಿಂದ ಅಮ್ಮಿ ಗುಣಮುಖರಾದರು. ಆದರೆ ಆ ಮುಕ್ಕಾಲು ಗಂಟೆ ನನ್ನ ಮನಸ್ಸಿನಿಂದ ಹೋಗಲಿಲ್ಲ.

ಕಾರು ಕಲಿಯುತ್ತೇನೆ ಎಂದಾಗ ಮನೆಯಲ್ಲಿ ಯಾರೂ ಧರ್ಮದ ಮಾತು ತೆಗೆಯಲಿಲ್ಲ, ಅಪಘಾತದ ಮಾತೂ ಬರಲಿಲ್ಲ. ಭಾಯಿಜಾನ್ ಹೇಳಿದ್ದು ಒಂದೇ: "ಕ್ಲಚ್ ಸುಟ್ಟುಬಿಡ್ತೀಯ." ಸೌದಿ ಅರೇಬಿಯದ ಸ್ತ್ರೀಯರು 2018ರ ಜೂನ್ 24ರವರೆಗೆ ಕಾಯಬೇಕಾಯಿತು, ಅಲ್ಲಿ ನಿಷೇಧವಿತ್ತು. ನಮಗೆ ಯಾವ ನಿಷೇಧವೂ ಇರಲಿಲ್ಲ. ನಮ್ಮನ್ನು ತಡೆದದ್ದು ಒಂದು ಕ್ಲಚ್ ಪ್ಲೇಟು!

ಒಂಟೆ ಸವಾರಿ ಮಾಡುವ ಸ್ತ್ರೀಯರಲ್ಲಿ ಕುರೈಷ್ ಸ್ತ್ರೀಯರನ್ನು ಪ್ರವಾದಿ(ಸ) ಮೆಚ್ಚಿ ಮಾತನಾಡಿದ್ದು ಸಹೀಹ್ ಬುಖಾರಿಯಲ್ಲಿದೆ. ಮಕ್ಕಳ ಮೇಲಿನ ಮಮತೆಯ ಜೊತೆಗೆ, ಪತಿಯ ಸೊತ್ತನ್ನು ಜೋಪಾನ ಮಾಡುವುದೂ ಅಲ್ಲಿ ಹೊಗಳಿಕೆಗೆ ಕಾರಣ. ಹಾಗಾಗಿ ಭಾಯಿಜಾನ್ ಮಾತನ್ನು ನಾನು ತಳ್ಳಿಹಾಕಲಿಲ್ಲ. ಬೇರೆಯವರ ಕಾರು ನಮ್ಮ ಕೈಯಲ್ಲಿ ಅಮಾನತು. ಅದು ಹೇಗೆ ಹಾಳಾಗುತ್ತದೆಂದು ಮೊದಲು ತಿಳಿಯೋಣ ಎಂದುಕೊಂಡೆ.

ಎಂಜಿನ್ ಸ್ಟಾರ್ಟ್ ಆದ ಮೇಲೆ ತಿರುಗುತ್ತಲೇ ಇರುತ್ತದೆ, ಚಕ್ರ ನಿಂತಿರುತ್ತದೆ. ಇವೆರಡನ್ನು ಕೂಡಿಸುವ ಬಿಲ್ಲೆಯೇ ಕ್ಲಚ್ ಪ್ಲೇಟು. ಪೆಡಲ್ ತುಳಿದರೆ ಸಂಬಂಧ ಕಡಿಯುತ್ತದೆ, ಬಿಟ್ಟರೆ ಕೂಡುತ್ತದೆ. ನಡುವಿನ ಸ್ಥಿತಿಯೇ ಅರ್ಧ ಕ್ಲಚ್. ಆಗ ಪ್ಲೇಟು ಉಜ್ಜುತ್ತಿರುತ್ತದೆ. ಎರಡು ಅಂಗೈಗಳನ್ನು ಒತ್ತಿ ಜೋರಾಗಿ ಉಜ್ಜಿ ನೋಡಿ, ಬಿಸಿಯಾಗುತ್ತದಲ್ಲವೇ? ಅರ್ಧ ಕ್ಲಚ್ಚಿನಲ್ಲಿ ಆಕ್ಸಿಲರೇಟರ್ ಒತ್ತಿದಷ್ಟೂ ಬಿಸಿ ಏರುತ್ತದೆ. ಸುಟ್ಟ ವಾಸನೆ ಮೂಗಿಗೆ ಬಡಿದರೆ ಕಾರು ನಿಲ್ಲಿಸಿ, ಆರಲು ಬಿಡಿ.

ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಪಕ್ಕದಲ್ಲಿ ಕೂತವರ ಕಾಲಿಗೂ ಬ್ರೇಕ್, ಕ್ಲಚ್ ಇರುತ್ತವೆ. ಅಲ್ಲಿ ನಾನು ಬಹಳ ಚೆನ್ನಾಗಿ ಓಡಿಸಿದೆ! ಮನೆಯ ಕಾರಿಗೆ ಬಂದಾಗ ತಿಳಿಯಿತು, ಇಷ್ಟು ದಿನ ಕ್ಲಚ್ ಬಿಟ್ಟವರು ನಾನಲ್ಲ, ಕಲಿಸುವವರು.

ಆದ್ದರಿಂದ ಹೊಸದಾಗಿ ಮೊದಲಿನಿಂದ ಕಲಿತೆ. ಊರ ಹೊರಗಿನ ಸಮತಟ್ಟಾದ ಬಯಲಿನಲ್ಲಿ ಫಸ್ಟ್ ಗೇರ್ ಹಾಕಿ, ಆಕ್ಸಿಲರೇಟರ್ ಮುಟ್ಟದೆ, ಕ್ಲಚ್ಚನ್ನು ಕೂದಲೆಳೆಯಷ್ಟೇ ಮೇಲೆತ್ತುತ್ತ ಬರುವುದು. ಒಂದು ಜಾಗದಲ್ಲಿ ಕಾರು ಸಣ್ಣಗೆ ನಡುಗಿ ತಾನೇ ಮುಂದೆ ತೆವಳುತ್ತದೆ. ಕಾಲು ಅಲ್ಲೇ ಒಂದು ಕ್ಷಣ ನಿಲ್ಲಬೇಕು, ನಂತರ ಪೂರ್ತಿ ಬಿಡಬೇಕು. ಆ ಜಾಗವನ್ನು ಕಾಲು ಗುರುತಿಸುವವರೆಗೆ ಬೇರೇನೂ ಮಾಡಬೇಡಿ. ನನಗೆ ಮೂರು ಬೆಳಗು ಬೇಕಾಯಿತು. ಎಂಜಿನ್ ಎಷ್ಟೋ ಸಲ ಬಂದ್ ಬಿತ್ತು. ಬೀಳಲಿ ಬಿಡಿ! ಕಲಿಯುವಾಗ ಹಾಗೆ ಬಂದ್ ಬೀಳುವುದರಿಂದ ಕಾರು ಕೆಡುವುದಿಲ್ಲ. ಅದು ಬಂದ್ ಬೀಳಬಾರದೆಂದು ಹೆದರಿ ಎಂಜಿನ್ನನ್ನು ಭೋರ್ಗರೆಸಿದರೆ ಕೆಡುತ್ತದೆ.

ಎರಡು ತಿಂಗಳಾಗುವಷ್ಟರಲ್ಲಿ ಕ್ಲಚ್ ಜಾರತೊಡಗಿತು. ಎಂಜಿನ್ ಸದ್ದು ಏರಿದರೂ ಕಾರು ವೇಗ ಹಿಡಿಯದು. ನನ್ನ ಎದೆ ಒಡೆಯಿತು. ಗ್ಯಾರೇಜಿನ ಹುಡುಗ ನನ್ನ ಹಳೆಯ ವಿದ್ಯಾರ್ಥಿ. ಬಿಚ್ಚಿ ನೋಡಿ, "ಮಿಸ್, ಇದು ಎರಡು ತಿಂಗಳ ಸವೆತ ಅಲ್ಲ. ಯಾರೋ ವರ್ಷಗಟ್ಟಲೆ ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಓಡಿಸಿದ್ದಾರೆ" ಎಂದ. ದುಡ್ಡು ಕೊಟ್ಟು ಸುಮ್ಮನೆ ಮನೆಗೆ ಬಂದೆ. ಭಾಯಿಜಾನ್‌ಗೆ ಹೇಳಲಿಲ್ಲ. ಈಗ ಇದನ್ನು ಓದಿ ತಿಳಿದುಕೊಳ್ಳುತ್ತಾರೆ.

ಗೇರ್ ಬದಲಿಸಿದ ಕೂಡಲೇ ಎಡಗಾಲನ್ನು ಪೆಡಲಿನಿಂದ ತೆಗೆದು ಪಕ್ಕಕ್ಕೆ ಇಡಿ. ಕೈಯನ್ನು ಗೇರ್ ಹಿಡಿಯ ಮೇಲೆ ಊರಿಕೊಂಡಿರುವುದೂ ಕೆಟ್ಟ ಚಾಳಿ, ಒಳಗಿನ ಭಾಗಗಳು ಸವೆಯುತ್ತವೆ. ರಿವರ್ಸ್ ಹಾಕುವ ಮೊದಲು ಕಾರು ಪೂರ್ತಿ ನಿಂತಿರಬೇಕು. ರೈಲ್ವೆ ಗೇಟು ಬಿದ್ದಿದ್ದರೆ ನ್ಯೂಟ್ರಲ್ ಮಾಡಿ ಹ್ಯಾಂಡ್‌ಬ್ರೇಕ್ ಎಳೆಯಿರಿ. ಏರಿನಲ್ಲಿ ಮುಂದೆ ತೆಂಗಿನಕಾಯಿ ತುಂಬಿದ ಲಾರಿ ನಿಂತಿದ್ದಾಗ ಅರ್ಧ ಕ್ಲಚ್ಚಿನಲ್ಲೇ ಕಾರನ್ನು ತೂಗಾಡಿಸುವವರಿದ್ದಾರೆ. ನೋಡಲು ಜಾಣತನ, ಪ್ಲೇಟಿಗೆ ಹಿಂಸೆ. ಅಲ್ಲೂ ಹ್ಯಾಂಡ್‌ಬ್ರೇಕೇ ಸರಿ. ಹೊರಡುವಾಗ ಅದನ್ನು ಇಳಿಸಲು ಮರೆಯಬೇಡಿ. ನಾನು ಒಮ್ಮೆ ಮರೆತು ಹಿಂದಿನ ಬ್ರೇಕನ್ನು ಕಾಯಿಸಿದ್ದೇನೆ.

ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡಿ ಎನ್ನುವ ಹಿರಿಯರು ಎಲ್ಲ ಮನೆಯಲ್ಲೂ ಇರುತ್ತಾರೆ. ಗೌರವದಿಂದ ತಲೆಯಾಡಿಸಿ, ಗೇರಿನಲ್ಲೇ ಇಳಿಯಿರಿ. ಎಂಜಿನ್ನೇ ಕಾರನ್ನು ಹಿಡಿದು ನಿಧಾನಿಸುತ್ತದೆ, ಬ್ರೇಕ್ ಕಾಯುವುದಿಲ್ಲ. ಈಗಿನ ಕಾರುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಧನ ತಾನಾಗಿ ನಿಲ್ಲುತ್ತದೆ.

ಇನ್ನು ಕಾನೂನಿನ ಮಾತು. 18 ವರ್ಷ ತುಂಬಿರಬೇಕು. ಮೊದಲು ಕಲಿಕಾ ಲೈಸೆನ್ಸು, ಅದರ ಅವಧಿ 6 ತಿಂಗಳು. ಕಾರಿಗೆ ಕೆಂಪು 'ಎಲ್' ಫಲಕ, ಪಕ್ಕದಲ್ಲಿ ಲೈಸೆನ್ಸ್ ಇರುವವರು ಕಡ್ಡಾಯ. 30 ದಿನ ಕಳೆದ ಮೇಲೆ ಪರೀಕ್ಷೆ ಕೊಡಬಹುದು. ಪಕ್ಕದಲ್ಲಿ ಕೂರಲು ಮನೆಯವರಲ್ಲಿ ತಾಳ್ಮೆಯುಳ್ಳ ಒಬ್ಬರನ್ನು ಆರಿಸಿಕೊಳ್ಳಿ. ಪತಿಯೇ ಆಗಬೇಕೆಂದಿಲ್ಲ!

ಕಳೆದ ಚಳಿಗಾಲದಲ್ಲಿ ಅಮ್ಮಿಗೆ ಮತ್ತೆ ಉಸಿರು ಕಟ್ಟಿತು. ರಾತ್ರಿ ಎರಡು ಗಂಟೆ. ಬಿಸ್ಮಿಲ್ಲಾ ಹೇಳಿ ಕೂತೆ. ಗಾಬರಿಯಲ್ಲಿ ಗೇಟಿನ ಬಳಿಯೇ ಎಂಜಿನ್ ಬಂದ್ ಬಿತ್ತು. ಹಿಂದಿನ ಸೀಟಿನಲ್ಲಿ ಭಾಭಿಯ ಭುಜಕ್ಕೆ ಒರಗಿದ್ದ ಅಮ್ಮಿ ಆ ಸಂಕಟದಲ್ಲೂ, "ಹೌಲೆ ಬೇಟಿ, ಹೌಲೆ" ಎಂದರು. ಮತ್ತೆ ಸ್ಟಾರ್ಟ್ ಮಾಡಿ, ಕ್ಲಚ್ಚನ್ನು ನಿಧಾನವಾಗಿ ಬಿಟ್ಟೆ. ಹತ್ತು ನಿಮಿಷದಲ್ಲಿ ಆಸ್ಪತ್ರೆಯ ಬಾಗಿಲಲ್ಲಿದ್ದೆವು.