ಸಾಲ ತೀರಿದರೂ ಪಟ್ಟಿಯಲ್ಲಿ ಬಾಕಿ!

ದೊಡ್ಡಬಳ್ಳಾಪುರದ ಮಗ್ಗದವರಿರಲಿ, ಹೊಸಕೋಟೆಯ ಅಂಗಡಿಯವರಿರಲಿ, ಸಾಲ ಕೇಳಲು ಹೋದರೆ ಬ್ಯಾಂಕಿನವರು ಮೊದಲು ತೆಗೆಯುವುದು ಸಿಬಿಲ್ ವರದಿ. ಕೊನೇ ಕಂತು ಕಟ್ಟಿ ರಸೀದಿ ಇಟ್ಟುಕೊಂಡವನ ಹೆಸರಿನ ಮುಂದೂ ಅಲ್ಲಿ 'ಬಾಕಿ' ಎಂದಿದ್ದರೆ ಮುಗೀತು ಸ್ವಾಮಿ, ಹೊಸ ಸಾಲಕ್ಕೆ ಕಲ್ಲು ಬಿತ್ತು. 'ಸಿಬಿಲ್‌ನವರನ್ನ ಕೇಳಿ' ಅಂತಾರೆ ಬ್ಯಾಂಕಿನವರು. ಸಿಬಿಲ್‌ಗೆ ಲೆಕ್ಕ ಕೊಡೋದು ಬ್ಯಾಂಕೇ. ಅದು ಒಪ್ಪದೆ ಅಲ್ಲಿ ಅಕ್ಷರ ತಿದ್ದೋಲ್ಲ. ಬಡಪಾಯಿ ಬಸ್ ಚಾರ್ಜು ಕೊಟ್ಟು ಅಲೆಯಬೇಕು.

ಇದಕ್ಕೆ ಮದ್ದಿದೆ. ತಪ್ಪು ತಿದ್ದಿಸುವ ಹಕ್ಕನ್ನು 2005ರ ಕಾಯ್ದೆಯೇ ಕೊಟ್ಟಿದೆ. ದೂರು 30 ದಿನದಲ್ಲಿ ಇತ್ಯರ್ಥವಾಗದಿದ್ದರೆ, ತಡಮಾಡಿದವರು ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರಲ್ಲಿ ಆದೇಶಿಸಿತು. 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ವರ್ಷಕ್ಕೊಮ್ಮೆ ಪೂರ್ತಿ ವರದಿ ಪುಕ್ಕಟೆ.

ಇದನ್ನು ಕನ್ನಡದಲ್ಲಿ ಬರೆದು ಶಾಖೆಯ ಗೋಡೆಗೆ ಹಾಕಲು ಏನು ಕಷ್ಟ? ಅಲ್ಲಿಯವರೆಗೆ ಬಾಯಿಮಾತು ಬೇಡ. ಸಾಲ ತೀರಿದ ಪತ್ರದ ನಕಲಿನೊಂದಿಗೆ ದೂರು ಬರೆದುಕೊಟ್ಟು, ತಾರೀಖು ಹಾಕಿದ ಸ್ವೀಕೃತಿ ಪಡೆಯಿರಿ. ತಿಂಗಳು ದಾಟಿದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯಿರಿ. 'ಅಂಕ ಏರಿಸಿಕೊಡ್ತೀವಿ' ಎನ್ನುವ ದಲ್ಲಾಳಿಗೆ ಕಾಸು ಬಿಚ್ಚಬೇಡಿ.

ನಮ್ಮ ಕಂತು ತಡವಾದರೆ ದಂಡ ಹಾಕುವ ಬ್ಯಾಂಕು, ತನ್ನ ತಡಕ್ಕೂ ದಂಡ ಕಟ್ಟಲಿ!