ಕಾಡು ಜರೀಗಿಡ ತಿಂದರೆ ಕ್ಯಾನ್ಸರ್ ಬರುತ್ತದೆಯೇ?

ಕೊಡಗಿನ ಕಡೆಯವರಿಗೆ ಮಳೆಗಾಲದ ತೆರ್ಮೆ ತೊಪ್ಪಿನ ಪಲ್ಯ ಗೊತ್ತು. ‘ಜರೀಗಿಡದಿಂದ ಕ್ಯಾನ್ಸರ್’ ಎಂಬ ಸುದ್ದಿ ಓದಿ ಅದನ್ನು ನೆನೆದು ಗಾಬರಿಯಾಗಬೇಡಿ. ಸುದ್ದಿಯಲ್ಲಿರುವುದು ಬ್ರಾಕನ್ ಎಂಬ ಬೇರೆ ಜಾತಿ. ಆದರೆ ಸುರುಳಿ ಚಿಗುರುಗಳು ನೋಡಲು ಹೆಚ್ಚುಕಡಿಮೆ ಒಂದೇ. ಗುರುತು ಗೊತ್ತಿಲ್ಲದೆ ಕಾಡಿನಿಂದ ಕಿತ್ತು ತರಬೇಡಿ.

ಬ್ರಾಕನ್‌ನಲ್ಲಿರುವ ವಿಷದ ಹೆಸರು ಟ್ಯಾಕ್ವಿಲೋಸೈಡ್. 1983ರಲ್ಲಿ ಜಪಾನ್ ಮತ್ತು ನೆದರ್‌ಲೆಂಡ್ಸ್‌ನ ವಿಜ್ಞಾನಿಗಳು ಇದನ್ನು ಬೇರ್ಪಡಿಸಿದರು. ಇದು ತಾನಾಗಿಯೇ ಅಷ್ಟು ಅಪಾಯಕಾರಿಯಲ್ಲ. ಕ್ಷಾರೀಯ ವಾತಾವರಣ ಸಿಕ್ಕಾಗ ಸಕ್ಕರೆಯ ಭಾಗ ಕಳಚಿ, ಡೈಯೀನೋನ್ ಎಂಬ ಚುರುಕು ಅಣು ಹುಟ್ಟುತ್ತದೆ. ಅದು ಡಿಎನ್‌ಎಯ ಅಡೆನಿನ್‌ಗೆ ಅಂಟಿಕೊಳ್ಳುತ್ತದೆ. ಹಾಗೆ ಅಂಟಿದ ಅಡೆನಿನ್ ಉದುರಿಹೋಗಿ, ಡಿಎನ್‌ಎ ಎಳೆ ಆ ಜಾಗದಲ್ಲಿ ತುಂಡಾಗಬಹುದು. ಜೀವಕೋಶ ಅದನ್ನು ತಪ್ಪಾಗಿ ರಿಪೇರಿ ಮಾಡಿದರೆ ತಪ್ಪು ಅಲ್ಲೇ ಉಳಿಯುತ್ತದೆ. ಕ್ಯಾನ್ಸರ್‌ಗೆ ದಾರಿಯಾಗುವುದು ಇಂಥ ತಪ್ಪುಗಳೇ.

ಹಸುಗಳ ಮೂತ್ರ ಸಾಮಾನ್ಯವಾಗಿ ಕ್ಷಾರೀಯ. ಹಿಮಾಲಯದ ತಪ್ಪಲಿನಲ್ಲಿ, ನೀಲಗಿರಿಯಲ್ಲಿ ಈ ಗಿಡ ಮೇಯ್ದ ದನಗಳಿಗೆ ಮೂತ್ರದಲ್ಲಿ ರಕ್ತ ಹೋಗುವುದು, ಮೂತ್ರಕೋಶದಲ್ಲಿ ಗಡ್ಡೆಯಾಗುವುದು ಪಶುವೈದ್ಯರಿಗೆ ಪರಿಚಿತ.

ಸ್ವಾರಸ್ಯವೆಂದರೆ, ಜಪಾನಿನ ಅಡುಗೆಮನೆ ಇದೇ ಕ್ರಿಯೆಯನ್ನು ತಿರುಗಿಸಿ ಬಳಸುತ್ತದೆ. ಅಲ್ಲಿ ಚಿಗುರಿಗೆ ಬೂದಿ ಅಥವಾ ಅಡುಗೆ ಸೋಡಾ ಹಾಕಿ, ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಆ ನೀರನ್ನು ಚೆಲ್ಲುತ್ತಾರೆ. ಚುರುಕು ಅಣು ಪಾತ್ರೆಯಲ್ಲೇ ಹುಟ್ಟಿ, ನೀರಿನೊಡನೆ ಸೇರಿ ತಣ್ಣಗಾಗುತ್ತದೆ. ವಿಷದ ಬಹುಪಾಲು ಹೋಗುತ್ತದೆ, ಪೂರ್ತಿ ಅಲ್ಲ. ಜಪಾನ್ ಮತ್ತು ವೇಲ್ಸ್‌ನ ಅಧ್ಯಯನಗಳು ಬ್ರಾಕನ್‌ಗೂ ಅನ್ನನಾಳ, ಜಠರದ ಕ್ಯಾನ್ಸರ್‌ಗೂ ನಂಟು ತೋರಿಸಿದರೂ, ಇತರ ಕಾರಣಗಳನ್ನು ಬೇರ್ಪಡಿಸುವುದು ಕಷ್ಟ.

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1987ರಲ್ಲಿ ಬ್ರಾಕನ್ ಅನ್ನು 2ಬಿ ಗುಂಪಿಗೆ ಸೇರಿಸಿತು. ಅರ್ಥ, ‘ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆ ಇದೆ’. ಅನುವಾದ ಮಾಡುವಾಗ ಈ ‘ಸಾಧ್ಯತೆ’ಯನ್ನು ಬಿಟ್ಟು ‘ಕ್ಯಾನ್ಸರ್‌ಕಾರಕ’ ಎಂದು ಬರೆದುಬಿಡುವುದು ಸುಲಭ. ನಾನೂ ಒಮ್ಮೆ ಹಾಗೆ ಬರೆದು ತಿದ್ದಿದ್ದೇನೆ. ಲೋಳೆಸರದ ಇಡೀ ಎಲೆಯ ಸಾರವೂ ಇದೇ ಗುಂಪಿನಲ್ಲಿದೆ. ಈ ಗುಂಪು ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು, ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ.

ಇನ್ನು ಹಾಲು. ಬ್ರಾಕನ್ ಮೇಯ್ದ ಹಸುವಿನ ಹಾಲಿಗೂ ವಿಷ ಇಳಿಯುತ್ತದೆ. ಡೈರಿಯ ಪ್ಯಾಕೆಟ್‌ನಲ್ಲಿ ಹಲವು ಹಸುಗಳ ಹಾಲು ಬೆರೆತು ಅದು ತೆಳುವಾಗುತ್ತದೆ. ಆದರೆ ಬೆಟ್ಟದೂರಿನಲ್ಲಿ ಒಂದೇ ಹಸುವಿನ ಹಾಲನ್ನು ಮಕ್ಕಳಿಗೆ ದಿನವೂ ಕೊಡುವವರು, ಅದು ಎಲ್ಲಿ ಮೇಯುತ್ತದೆ ಎಂದು ಒಮ್ಮೆ ಹೋಗಿ ನೋಡಿ. ಅದರ ಮೂತ್ರ ಕೆಂಪಾಗಿದ್ದರೆ ಹಾಲು ನಿಲ್ಲಿಸಿ, ಪಶುವೈದ್ಯರಿಗೆ ತೋರಿಸಿ.