ಬಿಟ್ಟಿ ರೂಮಿನ ಬಾಡಿಗೆ ಎಷ್ಟು ಗೊತ್ತಾ?

ಪಣಜಿಯ ಮಾಂಡೋವಿ ನದಿಯಲ್ಲಿ ನಿಂತಿರುವ ಕ್ಯಾಸಿನೊ ಹಡಗುಗಳಿಗೆ ನಮ್ಮ ಕಡೆಯ ಹುಡುಗರೂ ಗುಂಪು ಕಟ್ಟಿಕೊಂಡು ಹೋಗುತ್ತಾರೆ. ಹೊರಡುವ ಮೊದಲು ಕೇಳುವುದು ಒಂದೇ: ರೂಮ್ ಫ್ರೀ ಯಾರು ಕೊಡ್ತಾರೆ?

ಫ್ರೀ ಅಲ್ಲ ಸ್ವಾಮಿ, ಲೆಕ್ಕ ಹಾಕಿ. ಒಂದೇ ಸೊನ್ನೆಯ ರೂಲೆಟ್ ಚಕ್ರದಲ್ಲಿ ಒಟ್ಟು 37 ಮನೆ. ನಿಮ್ಮ ನಂಬರ್ ಬಂದರೆ ಕಟ್ಟಿದ ಹಣದ ಜೊತೆ ಸಿಗುವುದು 35 ಪಟ್ಟು ಮಾತ್ರ. ಅಂದರೆ ಪ್ರತಿ 100 ರೂಪಾಯಿಗೆ ಸರಾಸರಿ 2 ರೂಪಾಯಿ 70 ಪೈಸೆ ಮಾಲೀಕನ ಪಾಲು. ಸಾವಿರದಂತೆ 200 ಸುತ್ತು ಆಡಿದರೆ ಸರಾಸರಿ 5,400 ರೂಪಾಯಿ ಹೋಯಿತು. ಅದೇ ನಿಮ್ಮ ಬಾಡಿಗೆ! ದೊಡ್ಡ ಸೂಟ್ ಕೊಟ್ಟರೆ, ದೊಡ್ಡದಾಗಿ ಕಳೆಯುತ್ತೀರಿ ಅಂತಲೇ ಅರ್ಥ.

ಬಿಟ್ಟಿ ರೂಮಿಗೆ ದಾಕ್ಷಿಣ್ಯವೂ ಅಂಟಿರುತ್ತದೆ. ‘ಇಷ್ಟೆಲ್ಲಾ ಕೊಟ್ಟಿದ್ದಾರೆ, ಬೇಗ ಎದ್ದರೆ ಹೇಗೆ’ ಅನ್ನಿಸುತ್ತದೆ. ಸ್ವಂತ ದುಡ್ಡಿನ ರೂಮಿಗೆ ಆ ಹಂಗಿಲ್ಲ.

ಹೋಗಲೇಬೇಡಿ ಅನ್ನುವುದು ನಮ್ಮ ಮಾತು. ಹೋಗಿಯೇ ತೀರುತ್ತೇವೆ ಅನ್ನುವವರು ನದಿಯಿಂದ ದೂರದ ಸಾದಾ ಲಾಡ್ಜ್ ಹಿಡಿಯಿರಿ. ಬಾಡಿಗೆ, ವಾಪಸ್ ಬಸ್ ಟಿಕೆಟ್ ಎರಡಕ್ಕೂ ಮೊದಲೇ ದುಡ್ಡು ಕಟ್ಟಿ. ಎಟಿಎಂ ಕಾರ್ಡ್ ಊರಲ್ಲೇ ಬಿಡಿ. ಬೆಳೆ ಮಾರಿದ ದುಡ್ಡು, ಸಂಘದ ಸಾಲದ ದುಡ್ಡು ಆ ಹಡಗು ಹತ್ತಬಾರದು.